ಕೆಡವುವ ಮುನ್ನ ಗಾಳಿಗಿರಣಿ

ಕಟ್ಟಡ ಕೆಡವುವ ಮೊದಲು ಅದರ ಫೋಟೋ ತೆಗೆಯುವುದು ನನ್ನ ಕೆಲಸ. ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಹಳೆಯ ಕಟ್ಟಡವೊಂದನ್ನು ಉರುಳಿಸಬೇಕೆಂದರೆ ಎಷ್ಟೋ ಸಲ ಮಾಲೀಕರು ಮೊದಲು ಅದರ ದಾಖಲೆ ಮಾಡಿಸಬೇಕಾಗುತ್ತದೆ. ಒಬ್ಬರು ಅದರ ಚರಿತ್ರೆಯ ವರದಿ ಬರೆಯುತ್ತಾರೆ, ನಾನು ಚಿತ್ರ ತೆಗೆಯುತ್ತೇನೆ. ಎರಡೂ ಪತ್ರಾಗಾರ ಸೇರಿದ ಮೇಲೆ ಬುಲ್ಡೋಜರು ಬರುತ್ತದೆ. ಹಣ್ಣು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆ, ರೈಲ್ವೆ ಶೆಡ್ಡು, ಯಾರೂ ಬಾರದ ಚರ್ಚು, ಹೀಗೆ ಬಹಳ ತೆಗೆದಿದ್ದೇನೆ. "ಬೇಜಾರಾಗಲ್ವಾ?" ಎಂದು ಕೇಳುವವರಿಗೆ, "ಹೋಗೋಕೆ ಮುಂಚೆ ಯಾರಾದ್ರೂ ಸರಿಯಾಗಿ ನೋಡ್ಬೇಕಲ್ಲ" ಎನ್ನುತ್ತಿದ್ದೆ. ಆ ಉತ್ತರ ನನಗೇ ತುಂಬಾ ಇಷ್ಟವಾಗಿತ್ತು. ಗಾಳಿಗಿರಣಿಯ ಕೆಲಸ ಮುಗಿದ ಮೇಲೆ ಅದನ್ನು ಯಾರಿಗೂ ಹೇಳಿಲ್ಲ.

ಆ ಕೆಲಸಕ್ಕೆ ನನ್ನನ್ನು ಕರೆದವರು ಎಮರಿವಿಲ್‌ನ ಒಂದು ಆಫೀಸಿನ ಕನ್ಸಲ್ಟೆಂಟು. ಮೈಸೂರಿನವರು, ಆರ್ಕಿಟೆಕ್ಚರು ಓದಿ ಈಗ ಹಳೇ ಕಟ್ಟಡಗಳ ವರದಿ ಬರೆಯುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹಿಂದೆಯೂ ನಾವು ಒಟ್ಟಿಗೆ ಕೆಲಸ ಮಾಡಿದ್ದೆವು.

"ಮೇಡಂ, ಒಂದು ವಿಂಡ್‌ಮಿಲ್ಲಿದೆ. ಈಜಿ ಜಾಬು. ನನ್ನ ರಿಪೋರ್ಟು ಹತ್ತತ್ರ ರೆಡಿ. ನಿಮ್ಮ ಫೋಟೋ ಬಂದ್ರೆ ಫೈಲು ಕ್ಲೋಸು."

"ಹಿಟ್ಟು ಬೀಸೋದಾ?" ಎಂದೆ.

"ಎಲ್ಲಾರೂ ಅದೇ ಕೇಳ್ತಾರೆ ನೋಡಿ," ಎಂದು ನಕ್ಕರು. "ಬರೀ ನೀರೆತ್ತೋ ಪಂಪು ಮೇಡಂ. ಚೆಂದಕ್ಕೆ ಡಚ್ ಥರ ಕಟ್ಟಿದಾರೆ ಅಷ್ಟೆ."

ನಂಬಲು ಕಷ್ಟವೇನಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಪಾರ್ಕಿನಲ್ಲಿ ಸಮುದ್ರದ ಕಡೆ ನಿಂತಿರುವ ಎರಡು ದೊಡ್ಡ ಗಾಳಿಯಂತ್ರಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರೂ ಹಿಟ್ಟಿನ ಮಾತೇ ಆಡುತ್ತಾರೆ. ಅವು ಮರಳುದಿಬ್ಬದಲ್ಲಿ ಪಾರ್ಕು ಬೆಳೆಸಲು ನೀರೆತ್ತಿದವು, ಕಾಳು ಕಂಡವೇ ಅಲ್ಲ. ಇದೂ ಹಾಗೇ ಇರಬೇಕು ಅಂದುಕೊಂಡೆ.

ಕ್ಯಾಂಪ್‌ಬೆಲ್‌ನ ನಮ್ಮ ಮನೆಯಿಂದ ಅಲ್ಲಿಗೆ ದೂರದ ದಾರಿ. ಕೊಲ್ಲಿಯ ಉದ್ದಕ್ಕೂ ಫ್ರೀವೇ ಹಿಡಿದು, ಸೇತುವೆ ದಾಟಿ, ಉತ್ತರದ ತುದಿಗೆ ಹೋಗಬೇಕು. ಉಪ್ಪುನೀರಿನ ಜೌಗು ಮುಗಿದು ಒಣಹುಲ್ಲಿನ ಗುಡ್ಡಗಳು ಶುರುವಾಗುವ ಕಡೆ ಗಿರಣಿ ಒಂಟಿಯಾಗಿ ನಿಂತಿತ್ತು. ಎಂಟು ಮೂಲೆಯ ರೆಡ್‌ವುಡ್ ಮರದ ಗೋಪುರ, ಮೇಲೆ ದೋಣಿ ಕವುಚಿ ಹಾಕಿದ ಹಾಗೆ ಮರದ ಟೋಪಿ, ಅದಕ್ಕೆ ನಾಲ್ಕು ರೆಕ್ಕೆ. ರೆಕ್ಕೆಗಳ ಪಟ್ಟಿಗಳು ಅಲ್ಲಲ್ಲಿ ಕಿತ್ತು ನೇತಾಡುತ್ತಿದ್ದವು. ಹೊರಗೋಡೆಯ ಮರದ ಬಿಲ್ಲೆಗಳು ಬಿಸಿಲಿಗೆ ಬೆಳ್ಳಗಾಗಿದ್ದವು. ಅದರ ಸುತ್ತ ಸರ್ವೆ ಗೂಟಗಳಿಗೆ ಕಿತ್ತಳೆ ರಿಬ್ಬನ್ ಕಟ್ಟಿದ್ದರು. ಆ ಜಾಗದಲ್ಲಿ ಗೋದಾಮು ಬರುವುದಿತ್ತು.

ಬೀಗ ತೆಗೆಯಲು ಬಂದವನು ಮಾಲೀಕರ ಕಡೆಯ ಮ್ಯಾನೇಜರು. ಮರ್ಯಾದೆಯ ಮನುಷ್ಯ. ಹೆಲ್ಮೆಟ್ ಕೊಟ್ಟು, ಸಹಿ ಹಾಕಿಸಿಕೊಂಡು, "ಬೇಗ ಮುಗಿದಷ್ಟೂ ಒಳ್ಳೇದು" ಎಂದು ತನ್ನ ಟ್ರಕ್ಕಿನಲ್ಲಿ ಹೋಗಿ ಕುಳಿತ.

ನನ್ನ ಕ್ಯಾಮೆರಾ ಹಳೆಯ ಥರದ್ದು. ಮುಂದೆ ಲೆನ್ಸು, ಹಿಂದೆ ಉಜ್ಜಿದ ಗಾಜು, ನಡುವೆ ಹಾರ್ಮೋನಿಯಂನ ಹಾಗೆ ಮಡಿಕೆಯ ತಿದಿ. ತಲೆಗೆ ಕಪ್ಪು ಬಟ್ಟೆ ಹೊದ್ದು ನೋಡಿದರೆ ಗಾಜಿನ ಮೇಲೆ ಲೋಕ ತಲೆಕೆಳಗಾಗಿ ಕಾಣುತ್ತದೆ. ಒಂದು ಚಿತ್ರಕ್ಕೆ ಒಂದು ಹಾಳೆ ಫಿಲ್ಮು. ಪತ್ರಾಗಾರದವರು ಇನ್ನೂ ಇದನ್ನೇ ಕೇಳುತ್ತಾರೆ, ಡಿಜಿಟಲ್ ಫೈಲು ಕೆಡಬಹುದು, ಫಿಲ್ಮು ಉಳಿಯುತ್ತದೆ ಅಂತ. ಮೊದಲ ದಿನ ಹೊರಗಿನ ಎಂಟೂ ಮುಖ, ಬಾಗಿಲು, ಮೆಟ್ಟಿಲು ಮುಗಿಸಿ, ಒಳಗೆ ಕ್ಯಾಮೆರಾ ಏರಿಸಿದೆ. ನೆಲದಂತಸ್ತಿನಲ್ಲಿ ತುಕ್ಕು ಹಿಡಿದ ಪಂಪು. ಅದರ ಕಬ್ಬಿಣದ ಸರಳು ಮೇಲಕ್ಕೆ, ಎಲ್ಲ ಮಹಡಿಗಳನ್ನೂ ತೂರಿಕೊಂಡು ಹೋಗಿತ್ತು. ಕನ್ಸಲ್ಟೆಂಟು ಹೇಳಿದ್ದು ಸರಿಯೇ ಅನ್ನಿಸಿತು. ಎಲ್ಲೆಡೆ ಪಾರಿವಾಳದ ಹಿಕ್ಕೆ. ಕಿಟಕಿಗಳಿಗೆ ಹಲಗೆ ಹೊಡೆದಿದ್ದರಿಂದ ಕತ್ತಲು, ಒಂದೊಂದು ಚಿತ್ರಕ್ಕೂ ಶಟರು ಬಹಳ ಹೊತ್ತು ತೆರೆದಿಡಬೇಕಾಯಿತು.

ಸಾಮಾನು ಕಟ್ಟುತ್ತಿದ್ದಾಗ ಬೇಲಿಯ ಆಚೆಯಿಂದ ಒಬ್ಬ ಹಿರಿಯಾಕೆ ಕೈಬೀಸಿ ಕರೆದರು. ಎಂಬತ್ತರ ಮೇಲಿನ ವಯಸ್ಸು. ಸ್ಕೂಲಿನಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು, ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದಾರೆ. ಗಿರಣಿ ಕಟ್ಟಿದ್ದು ಅವರ ಅಜ್ಜಿಯ ತಂದೆಯಂತೆ. ಜಮೀನು ಅವರ ಕೈಬಿಟ್ಟು ಎಷ್ಟೋ ಕಾಲವಾಗಿದೆ.

"ನೀನು ಪಂಪಿನ ಫೋಟೋ ತೆಗೆದೆಯೋ, ಗಿರಣಿಯದೋ?" ಎಂದರು ಇಂಗ್ಲಿಷಿನಲ್ಲಿ.

"ಪಂಪು ಅಂತ ವರದಿಯಲ್ಲಿದೆ."

"ಗೊತ್ತು. ವರದಿ ಬರೆಯೋಕೆ ಬಂದವರಿಗೆ ನಾನೇ ಹೇಳಿದ್ದೆ. ಸುತ್ತಲ ಗುಡ್ಡದವರೆಲ್ಲ ಇಲ್ಲಿಗೇ ಗೋದಿ ತರ್ತಿದ್ರು. ಗಾಳಿ ನೋಡಿ ರೆಕ್ಕೆಗೆ ಬಟ್ಟೆ ಕಟ್ತಿದ್ರು, ಜೋರಾದ್ರೆ ಬಿಚ್ತಿದ್ರು. ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರ್ತಿತ್ತು. ನಮ್ಮಜ್ಜಿಯ ಹಲ್ಲು ಅರ್ಧರ್ಧ ಸವೆದು ಹೋಗಿತ್ತು, ನಾನೇ ನೋಡಿದೀನಿ. ಆವಿಯ ಗಿರಣಿ ಬಂದ ಮೇಲೆ ಯಾರೂ ಬರಲಿಲ್ಲ, ಆಗ ಪಂಪು ಕೂಡಿಸಿದ್ರು. ಇದಕ್ಕೆ ಆಧಾರ ಏನು ಅಂತ ಕೇಳಿದ್ರು. ಹಲ್ಲು ತೋರಿಸೋಕೆ ಅಜ್ಜಿ ಇಲ್ಲವಲ್ಲ."

ಕೆಡವುವ ಕಟ್ಟಡಗಳ ಹತ್ತಿರ ಇಂಥವರು ಸಿಗುತ್ತಲೇ ಇರುತ್ತಾರೆ. ಅವರ ಮಾತು ಕೇಳಿ, ಒಂದು ಕಾಫಿ ಕುಡಿದು ಬರುವುದು ರೂಢಿ. ಅವತ್ತೂ ಅಷ್ಟೇ ಮಾಡಿದೆ.

ಮನೆಯ ಗರಾಜೇ ನನ್ನ ಡಾರ್ಕ್‌ರೂಮು. ಫಿಲ್ಮು ತೊಳೆದು ದೀಪಕ್ಕೆ ಹಿಡಿದೆ. ಒಳಗಿನ ಚಿತ್ರಗಳಲ್ಲೆಲ್ಲ ಮೂಲೆಯಿಂದ ಮೂಲೆಗೆ ಒಂದು ಕರೀ ಗೆರೆ. ತಿದಿಯ ಮಡಿಕೆಯೊಂದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಬೆಳಕು ಒಳಗೆ ಹೋಗಿತ್ತು. ಸಾಮಾನ್ಯ ಶಾಟಿನಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ, ಶಟರು ಅಷ್ಟು ಹೊತ್ತು ತೆರೆದಿಟ್ಟಿದ್ದರಿಂದ ಕೂತುಬಿಟ್ಟಿತು. ಒಂದು ದಿನದ ಕೆಲಸ ಹಾಳು. ಕನ್ಸಲ್ಟೆಂಟಿಗೆ ಫೋನು ಮಾಡಿ ಹೇಳಿದೆ, ಅವರು ಮ್ಯಾನೇಜರನ್ನು ಒಪ್ಪಿಸಿದರು. ತೂತಿಗೆ ಕಪ್ಪು ಟೇಪು ಹಚ್ಚಿ, ಎರಡು ಪದರ ಬಟ್ಟೆ ಸುತ್ತಿ ಮತ್ತೆ ಹೊರಟೆ.

ಈ ಸಲ ಕಾಡ್ಗಿಚ್ಚಿನ ಹೊಗೆ. ಬೆಂಕಿ ಎಲ್ಲೋ ದೂರದ ಬೆಟ್ಟದಲ್ಲಿದ್ದರೂ ಇಲ್ಲಿ ಸೂರ್ಯ ತಾಮ್ರದ ತಟ್ಟೆಯ ಹಾಗಿದ್ದ. ಹೊರಗೆ ಏನೂ ಮಾಡುವಂತಿರಲಿಲ್ಲ. ಒಳಗಿನದನ್ನೇ ಮುಗಿಸೋಣ ಎಂದು ಎರಡನೇ ಮಹಡಿಗೆ ಹತ್ತಿದೆ. ಹಿಂದಿನ ಸಲ ಮೆಟ್ಟಿಲ ಬಾಯಿಯಿಂದ ತೆಗೆದಿದ್ದೆ. ಈಗ ಕಂಬ ಅಡ್ಡ ಬಾರದಿರಲೆಂದು ಟ್ರೈಪಾಡನ್ನು ಮಹಡಿಯ ನಡುವಿಗೆ ತಂದು ಊರಿದೆ. ಎರಡು ಕಾಲು ಟೊಳ್ಳಾಗಿ ಟಕ್ ಎಂದವು. ಮೂರನೆಯದು ಸದ್ದೇ ಮಾಡಲಿಲ್ಲ, ನೆಲದಲ್ಲಿ ಊರಿದ ಹಾಗೆ ಗಟ್ಟಿಯಾಗಿ ಕೂತಿತು.

ಕೆಳಗೆ ಖಾಲಿ ಇರುವ ಮರದ ಮಹಡಿಯಲ್ಲಿ ಒಂದು ಜಾಗ ಮಾತ್ರ ಗಟ್ಟಿ ಹೇಗೆ? ಮೊಣಕಾಲೂರಿ ಗೆಣ್ಣಿನಿಂದ ಹಲಗೆಗಳನ್ನು ತಟ್ಟುತ್ತಾ ಹೋದೆ. ಗಟ್ಟಿ ಜಾಗ ಗುಂಡಗಿತ್ತು, ನಾನು ಕೈಚಾಚಿ ಮಲಗಿದರೆ ತುಂಬುವಷ್ಟು ಅಗಲ. ಹಲಗೆಗಳ ಮೇಲಿನ ಕಸ ಗುಡಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟೆ. ನೇರ ಬೆಳಕಿಗೆ ಕಾಣದ್ದು ಓರೆ ಬೆಳಕಿಗೆ ಕಾಣುತ್ತದೆ. ಹಲಗೆಗಳ ಸಂದಿನಲ್ಲಿ ಕಲ್ಲು. ಕಲ್ಲಿನಲ್ಲಿ ನಡುವಿನಿಂದ ಅಂಚಿಗೆ ಓಡುವ ಸಣ್ಣ ಕಾಲುವೆಯಂಥ ಗೆರೆಗಳು. ಹೇರ್‌ಪಿನ್ ತೂರಿಸಿ ಕೆದಕಿದೆ. ಬಂದದ್ದು ಹಳದಿಗಟ್ಟಿ ಕಲ್ಲಾದ ಹಿಟ್ಟು.

ಊರಿನಲ್ಲಿ ನಮ್ಮ ಮನೆಯ ರಾಗಿಕಲ್ಲು ನುಣ್ಣಗಾದರೆ ಉಳಿ ಹಿಡಿದು ಬಂದವರ ಕೈಲಿ ಕಲ್ಲು ಕುಟ್ಟಿಸುತ್ತಿದ್ದರು. ಕುಟ್ಟಿದ ಕಲ್ಲಿನ ಮೇಲೆ ಕೈಯಾಡಿಸಿದರೆ ಅಂಗೈಗೆ ಒಂದು ಉರಿ. ಹಲಗೆ ಸಂದಿನಲ್ಲಿ ಎರಡು ಬೆರಳು ತೂರಿಸಿದಾಗ ಬೆರಳತುದಿಗೆ ಅದೇ ಒರಟು ಸಿಕ್ಕಿತು. ಈ ಕಲ್ಲು ಯಾರೋ ಕುಟ್ಟಿಸಿ, ಆಮೇಲೆ ಹೆಚ್ಚು ಬೀಸದೇ ಬಿಟ್ಟದ್ದು.

ಕೆಳಗಿಳಿದು ಮ್ಯಾನೇಜರಿಗೆ ಹೇಳಿದೆ. ಹಲಗೆ ಎಬ್ಬಿಸಬೇಕು, ಕೆಳಗಿನ ಬೀಸುಕಲ್ಲು ಅಲ್ಲೇ ಇದೆ ಎಂದೆ. ಅವನು ಮೇಲೆ ಬಂದು ನೋಡಲೂ ಇಲ್ಲ.

"ಕಾಣೋದನ್ನ ತೆಗೆಯೋಕೆ ನಿಮ್ಮನ್ನ ಕರೆಸಿರೋದು. ಮುಚ್ಚಿರೋದನ್ನ ತೆರೆಯೋಕೆ ಅಲ್ಲ. ಯಾರಾದ್ರೂ ಬಿದ್ದರೆ ನನ್ನ ತಲೆಗೆ ಬರುತ್ತೆ."

ಕನ್ಸಲ್ಟೆಂಟಿಗೆ ಫೋನು ಮಾಡಿದೆ.

"ಮೇಡಂ, ರಿಪೋರ್ಟು ಸಬ್ಮಿಟ್ ಆಗಿದೆ. 'ಹೆಚ್ಚಿನ ಮಹತ್ವ ಇಲ್ಲ' ಅಂತ ನಾನೇ ಬರ್ದಿದೀನಿ. ಈಗ ಇದನ್ನ ತೆಗೆದ್ರೆ ಎಲ್ಲಾ ಮೊದಲಿಂದ ಶುರು. ಬಿಡಿ ಮೇಡಂ, ಲಿಸ್ಟಲ್ಲಿರೋದು ತೆಗೆದು ಬಂದ್ಬಿಡಿ."

"ಅಂದ್ರೆ ಸುಳ್ಳು ಹಾಗೇ ಇರ್ಲಿ ಅಂತೀರಾ?"

"ಸುಳ್ಳಲ್ಲ ಮೇಡಂ, ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತಲ್ಲ."

ಗೋಪುರದ ಮೆಟ್ಟಿಲ ಮೇಲೆ ಕೂತು ನಾನು ತೀರ್ಮಾನ ಮಾಡಿದ್ದು ಆಗಲೇ. ನನ್ನ ಚಿತ್ರಗಳಿಲ್ಲದೆ ಫೈಲು ಮುಂದಕ್ಕೆ ಹೋಗುವುದಿಲ್ಲ. ನನ್ನ ಕೈಯಲ್ಲಿದ್ದ ಬಲ ಅಷ್ಟೇ, ಅದನ್ನು ಅಲ್ಲಿಯವರೆಗೆ ಯಾವತ್ತೂ ಉಪಯೋಗಿಸಿರಲಿಲ್ಲ.

"ಹಾಗಾದ್ರೆ ಈ ಸೆಟ್ಟು ನಾನು ಕೊಡಲ್ಲ," ಎಂದೆ. "ಹಲಗೆ ಎಬ್ಬಿಸಿದ ದಿನ ಬಂದು ಮುಗಿಸಿಕೊಡ್ತೀನಿ. ಬೇರೆಯವರನ್ನ ಕರೆಸೋದಾದ್ರೆ ಕರೆಸಿ. ಆದ್ರೆ ನಾನು ನೋಡಿದ್ದನ್ನ ಪರ್ಮಿಟ್ಟು ಕೊಡೋ ಕೌಂಟಿಯವರಿಗೆ ಬರೆದು ಹಾಕ್ತೀನಿ."

"ಮೇಡಂ, ನೀವು ನನ್ನ ಕೆಲಸಕ್ಕೇ ಕಲ್ಲು ಹಾಕ್ತಿದೀರಾ," ಎಂದು ಫೋನಿಟ್ಟರು. ಅಷ್ಟು ವರ್ಷದ ಪರಿಚಯದಲ್ಲಿ ಅವರು ದನಿಯೆತ್ತಿದ್ದು ಅದೇ ಮೊದಲು.

ಆ ವಾರವೆಲ್ಲ ಯಾರೂ ಫೋನು ಮಾಡಲಿಲ್ಲ. ಆಮೇಲೆ ಅವರೇ ಮಾಡಿದರು. ರಾತ್ರಿ ನಿದ್ದೆ ಬರಲಿಲ್ಲವೆಂದೋ, ನನ್ನ ಮಾತು ಸರಿಯೆಂದೋ ಹೇಳಲಿಲ್ಲ. "ಮಾಲೀಕರ ಹತ್ರ ಪರ್ಮಿಷನ್ ತಗೊಂಡೆ. ನಾನೂ ಬರ್ತೀನಿ. ಸನ್ನೆಕೋಲು ತರ್ತೀನಿ," ಎಂದರು, ಅಷ್ಟೆ.

ಹೊಗೆ ಕಳೆದಿತ್ತು. ಬೆಳಗಿನ ಮಂಜು ಕೊಲ್ಲಿಯ ಮೇಲೆ ಇನ್ನೂ ಬಿದ್ದುಕೊಂಡಿದ್ದಾಗ ಇಬ್ಬರೂ ಎರಡನೇ ಮಹಡಿಯಲ್ಲಿದ್ದೆವು. ಅವರು ಶರ್ಟಿನ ತೋಳು ಮಡಿಸಿ ಹಲಗೆ ಒಂದೊಂದಾಗಿ ಎಬ್ಬಿಸಿದರು. ಒಂದನ್ನೂ ಸೀಳಲಿಲ್ಲ, ಮೊಳೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿದರು. ಕೊನೆಯ ಹಲಗೆ ತೆಗೆದಾಗ ಕಲ್ಲು ಇಡಿಯಾಗಿ ಕಂಡಿತು, ಮಹಡಿಗೆ ಸರಿಸಮವಾಗಿ ಕೂಡಿಸಿದ ಕೆಳಗಲ್ಲು. ಮೇಲಿನ ಕಲ್ಲು ಏನಾಯಿತೋ ಗೊತ್ತಿಲ್ಲ. ಅಂಚಿನಲ್ಲಿ ಹಿಟ್ಟು ಕೆಳಗಿಳಿಯುವ ಚೌಕದ ಕಂಡಿ, ಅದಕ್ಕೂ ಹಲಗೆ ಬಡಿದಿದ್ದರು. ತಲೆಯೆತ್ತಿ ನೋಡಿದರೆ ತೊಲೆಯ ಮೇಲೆ ಹಲ್ಲುಚಕ್ರ ಉಜ್ಜಿ ಉಜ್ಜಿ ಆದ ಅರ್ಧಚಂದ್ರದ ಗುರುತು. ಎಲ್ಲ ಕಣ್ಣೆದುರೇ ಇತ್ತು. ಏನು ನೋಡಬೇಕೆಂದು ಗೊತ್ತಿಲ್ಲದಾಗ ಕಂಡಿರಲಿಲ್ಲ, ಅಷ್ಟೆ.

ಕನ್ಸಲ್ಟೆಂಟು ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

"ನಾನು ಮೇಲೆ ಹತ್ತಿದ್ದೆ ಮೇಡಂ," ಎಂದರು. "ಇದರ ಮೇಲೇ ನಿಂತ್ಕೊಂಡು ಫೋನಲ್ಲಿ ಮಾತಾಡಿದ್ದೆ."

ಆ ಕಲ್ಲಿನ ಚಿತ್ರ ತೆಗೆಯಲು ಮಧ್ಯಾಹ್ನದವರೆಗೆ ಹಿಡಿಯಿತು. ಕಿಟಕಿಯ ಒಂದು ಹಲಗೆ ತೆಗೆಸಿ, ಬಿಳೀ ರಟ್ಟಿನಿಂದ ಬೆಳಕನ್ನು ತಗ್ಗಿಸಿ, ಕಲ್ಲಿನ ಮೈಮೇಲೆ ಹಾಯಿಸಿದೆ. ಬೆಳಕು ಸ್ವಲ್ಪ ಎತ್ತರವಾದರೂ ಗೆರೆ ಮಾಯವಾಗುತ್ತಿತ್ತು, ಸ್ವಲ್ಪ ತಗ್ಗಾದರೆ ಅರ್ಧ ಕಲ್ಲೇ ಕತ್ತಲು. ಕನ್ಸಲ್ಟೆಂಟು ರಟ್ಟು ಹಿಡಿದು ಅಲುಗದೆ ನಿಂತರು. ಕಪ್ಪು ಬಟ್ಟೆಯೊಳಗೆ, ತಲೆಕೆಳಗಾದ ಗಾಜಿನಲ್ಲಿ, ಒಂದು ಕ್ಷಣ ಉಳಿಯ ಪ್ರತಿಯೊಂದು ಏಟೂ ಬೇರೆಬೇರೆಯಾಗಿ ಎದ್ದು ಕಂಡಿತು. ಶಟರು ತೆರೆದೆ. ನನ್ನ ಕೈಯಿಂದ ಅಂಥ ಚಿತ್ರ ಅದಕ್ಕೆ ಮುಂಚೆ ಬಂದಿರಲಿಲ್ಲ.

ಅವರು ವರದಿ ತಿದ್ದಿ ಬರೆದರು. ಗೋದಿ ಬೀಸಿದ ಗಾಳಿಗಿರಣಿ, ಇಂಥದ್ದು ಉಳಿದಿರುವುದು ಬಹಳ ಅಪರೂಪ, ಮಹತ್ವದ ಕಟ್ಟಡ. ತಮ್ಮ ಮೊದಲ ಅಭಿಪ್ರಾಯ ತಪ್ಪೆಂದೂ ಸ್ಪಷ್ಟವಾಗಿ ಬರೆದರು. ಅದಕ್ಕೆ ಅವರ ಆಫೀಸಿನಲ್ಲಿ ಏನು ಕೇಳಬೇಕಾಯಿತೋ ನನಗೆ ಹೇಳಲಿಲ್ಲ. ಕೆಡವುವ ಪರ್ಮಿಟ್ಟು ನಿಂತಿತು. ಕೌಂಟಿಯ ಸಮಿತಿಯ ಮುಂದೆ ಬಹಿರಂಗ ವಿಚಾರಣೆ ಇಟ್ಟರು. ಹಿರಿಯಾಕೆ ನನಗೆ ಫೋನು ಮಾಡಿ ಅತ್ತರು. ಉಳಿಯಿತು ಎಂದೇ ನಾವೆಲ್ಲ ಅಂದುಕೊಂಡೆವು.

ವಿಚಾರಣೆಯ ಹಾಲಿನಲ್ಲಿ ನನ್ನ ಚಿತ್ರಗಳನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದರು. ಕಲ್ಲಿನ ಚಿತ್ರ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹಿರಿಯಾಕೆ ಮೈಕಿನ ಮುಂದೆ ನಿಂತು ಅಜ್ಜಿಯ ಹಲ್ಲಿನ ಕಥೆ ಶುರುಮಾಡಿದರು. ಮುಗಿಯುವ ಮೊದಲೇ ಸಮಯವಾಯಿತೆಂದು ಕೆಂಪು ದೀಪ ಹತ್ತಿತು, ಅರ್ಧದಲ್ಲಿ ಥ್ಯಾಂಕ್ಯೂ ಹೇಳಿ ಕೂರಿಸಿದರು.

ಆಮೇಲೆ ಮಾಲೀಕರ ವಕೀಲೆ ಎದ್ದರು. ನಾವು ಹೇಳಿದ್ದನ್ನು ಆಕೆ ಒಂದನ್ನೂ ಅಲ್ಲಗಳೆಯಲಿಲ್ಲ.

"ಇದು ಗೋದಿ ಬೀಸಿದ ಗಿರಣಿ. ನಾವು ಒಪ್ಪುತ್ತೇವೆ. ಇವತ್ತು ನಮಗೆಲ್ಲ ಅದು ಗೊತ್ತಾದದ್ದು ಹೇಗೆ? ಈ ಅದ್ಭುತ ಚಿತ್ರಗಳಿಂದ. ನಮ್ಮಲ್ಲಿ ಎಷ್ಟು ಜನ ಆ ಮಹಡಿಗೆ ಹತ್ತಿದ್ದೇವೆ? ಗೋಪುರ ಶಿಥಿಲವಾಗಿದೆ, ಯಾರನ್ನೂ ಒಳಗೆ ಬಿಡುವ ಹಾಗಿಲ್ಲ. ಮುಂದಿನವರಿಗೆ ಅದರ ಚರಿತ್ರೆ ತಿಳಿಯುವುದಿದ್ದರೆ ಚಿತ್ರಗಳಿಂದಲೇ. ಇಷ್ಟು ಪೂರ್ಣವಾದ ದಾಖಲೆ ನಾನು ನೋಡಿಲ್ಲ."

ನನ್ನ ಕಡೆ ತಿರುಗಿ ತಲೆಬಾಗಿಸಿ ವಂದಿಸಿದರು. ಕೆಲವರು ಚಪ್ಪಾಳೆ ತಟ್ಟಿದರು.

ಸಮಿತಿಯವರು, ಗಿರಣಿಗೆ ಮಹತ್ವವಿದೆ, ಆದರೆ ದಾಖಲೆ ಉತ್ತಮವಾಗಿರುವುದರಿಂದ ನಷ್ಟ ಸಹಿಸಬಹುದಾದದ್ದು ಎಂದು ತೀರ್ಮಾನಿಸಿದರು. ಒಂದು ಷರತ್ತು: ಕಿತ್ತು ತೆಗೆಯುವಾಗ ಒಳಗಿನ ಭಾಗಗಳನ್ನೂ ಚಿತ್ರಿಸಬೇಕು. ಸಾಧ್ಯವಾದರೆ ಅದೇ ಛಾಯಾಗ್ರಾಹಕಿಯಿಂದ.

ಪಾರ್ಕಿಂಗ್ ಲಾಟಿನಲ್ಲಿ ಹಿರಿಯಾಕೆ ತಮ್ಮ ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಹತ್ತಿರ ಹೋದೆ. ಬಯ್ಯುತ್ತಾರೆಂದುಕೊಂಡಿದ್ದೆ.

"ನೀನು ಸ್ವಲ್ಪ ಕೆಟ್ಟದಾಗಿ ತೆಗೀಬೇಕಿತ್ತು," ಎಂದರು. ಹೇಳಿ ನನ್ನ ಕೈ ತಟ್ಟಿ ಕಾರು ಹತ್ತಿದರು. ಆಮೇಲೆ ಅವರು ನನ್ನ ಫೋನು ತೆಗೆಯಲಿಲ್ಲ.

ಕೆಡವುವ ದಿನ ನಾನು ಹೋದೆ. ನಾನು ಹೋಗದಿದ್ದರೆ ಬೇರೆ ಯಾರೋ ಹೋಗಿ ಹಾಳುಮಾಡುತ್ತಾರೆ ಅಂದುಕೊಂಡೆ. ಇಂಥ ಜಾಗಕ್ಕೆ ಎಲ್ಲರೂ ಹಾಗೆ ಅಂದುಕೊಂಡೇ ಹೋಗುತ್ತಾರೆ. ಪಕ್ಕದ ಮನೆಯ ಪರದೆಗಳು ಮುಚ್ಚಿದ್ದವು. ಕ್ರೇನು ಬಂದಿತ್ತು. ಮೊದಲು ಟೋಪಿಯನ್ನು ರೆಕ್ಕೆಗಳ ಸಮೇತ ಎತ್ತಿ ಇಳಿಸುವುದು, ಆಮೇಲೆ ಗೋಪುರ. ಅದಕ್ಕಾಗಿ ಕೆಲಸದವರು ಒಳಗೆ ಹತ್ತಿ ಪಂಪಿನ ಸರಳನ್ನು ಕತ್ತರಿಸಿದರು, ರೆಕ್ಕೆಯ ಅಚ್ಚಿಗೆ ಯಾವ ಕಾಲದಲ್ಲೋ ಬಿಗಿದಿದ್ದ ಸರಪಳಿ ಬಿಚ್ಚಿದರು. ನಾನು ಹೊರಗೆ, ಹುಲ್ಲಿನಲ್ಲಿ ಕ್ಯಾಮೆರಾ ಊರಿ, ಗೋಪುರ ಪೂರ್ತಿ ಇರುವ ಕೊನೆಯ ಚಿತ್ರಕ್ಕೆಂದು ಫಿಲ್ಮು ಹಾಕಿಕೊಂಡು ಕಾಯುತ್ತಿದ್ದೆ.

ಮಧ್ಯಾಹ್ನದ ಗಾಳಿ ಏಳುವ ಹೊತ್ತು. ಕಿರ್ರೆಂದು ಒಂದು ಸದ್ದಾಯಿತು. ಕ್ರೇನು ಇರಬೇಕೆಂದುಕೊಂಡೆ. ತಲೆಯೆತ್ತಿದರೆ ರೆಕ್ಕೆ ಅಲುಗುತ್ತಿತ್ತು. ಉಳಿದಿದ್ದ ಪಟ್ಟಿಗಳಿಗೇ ಗಾಳಿ ಸಿಕ್ಕಿ, ಮೊದಲು ಒಂದು ಗೇಣು, ಆಮೇಲೆ ಕಾಲು ಸುತ್ತು, ಆಮೇಲೆ ನಾಲ್ಕೂ ರೆಕ್ಕೆಗಳು ಆಕಾಶದಲ್ಲಿ ದೊಡ್ಡದಾಗಿ, ನಿಧಾನವಾಗಿ ತಿರುಗತೊಡಗಿದವು. ಒಣಗಿದ ಮರದಿಂದ ಧೂಳು ಉದುರಿತು. ಕೆಲಸದವರು ಕೂಗಾಡಿದರು, ಫೋರ್‌ಮನ್ನು ಹಗ್ಗ ತರಲು ಓಡಿದ. ನಾನು ಶಟರು ಒತ್ತಿದೆ. ಇನ್ನೊಂದು ಹಾಳೆ ಹಾಕುವಷ್ಟರಲ್ಲಿ ಹಗ್ಗ ಬಿದ್ದು ರೆಕ್ಕೆ ನಿಂತಿತ್ತು. ಸಂಜೆಯೊಳಗೆ ಗೋಪುರ ನೆಲದಲ್ಲಿತ್ತು.

ಪೂರ್ತಿ ಸೆಟ್ಟು ತೊಳೆದು, ಒಣಗಿಸಿ, ಲಕೋಟೆಗಳಿಗೆ ಹಾಕಿ ಕಳಿಸಿದೆ. ಕೆಲವು ವಾರಗಳ ಮೇಲೆ ಕನ್ಸಲ್ಟೆಂಟು ಫೋನು ಮಾಡಿದರು. ದನಿ ದಣಿದಿತ್ತು.

"ಮೇಡಂ, ಪತ್ರಾಗಾರದವರು ಎಲ್ಲಾ ತಗೊಂಡ್ರು. ಒಂದು ಮಾತ್ರ ವಾಪಸ್ ಬಂದಿದೆ."

"ಯಾವುದು?"

"ರೆಕ್ಕೆ ತಿರುಗ್ತಿರೋದು. ಬ್ಲರ್ ಆಗಿದೆಯಂತೆ, ಸ್ಟ್ಯಾಂಡರ್ಡಿಗೆ ಬರಲ್ವಂತೆ." ಕಾಗದ ನೋಡಿ ಓದುವವರ ಹಾಗೆ ಹೇಳಿದರು. "ರೀಶೂಟ್ ಮಾಡಿ ಕಳ್ಸಿ ಅಂತ ಬರ್ದಿದಾರೆ."

"ಎಲ್ಲಿಗೆ ಹೋಗಿ?" ಎಂದೆ.

ಅವರ ಆಫೀಸಿನಲ್ಲಿ ಯಾರದೋ ಫೋನು ರಿಂಗಾಗುತ್ತಿತ್ತು. ಅದು ನಿಂತ ಮೇಲೂ ಇಬ್ಬರೂ ಹಾಗೇ ಫೋನು ಹಿಡಿದುಕೊಂಡಿದ್ದೆವು.